ಜೈಲಿನಲ್ಲಿರುವ ಹಿರಿಯ ಜೀವಕ್ಕೆ ಮನೆಯವರು ಏನು ಮಾಡಬಹುದು?

ವಯಸ್ಸಾದವರಿರುವ ನಮ್ಮ ಕಡೆಯ ಮನೆಗಳಲ್ಲಿ ಬಾಗಿಲ ಹಿಂದಿನ ಮೊಳೆಗೆ ಒಂದು ಪ್ಲಾಸ್ಟಿಕ್ ಕವರ್ ನೇತಾಡುತ್ತಿರುತ್ತದೆ. ಅದರೊಳಗೆ ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಯ ಚೀಟಿ, ಟಮಕದ ಜಾಲಪ್ಪ ಆಸ್ಪತ್ರೆಯ ಸ್ಕ್ಯಾನಿಂಗ್ ಫಿಲ್ಮು, ರಾಬರ್ಟ್‌ಸನ್‌ಪೇಟೆಯ ಯಾವುದೋ ಲ್ಯಾಬಿನವರು ಬರೆದುಕೊಟ್ಟ ಸಕ್ಕರೆಯ ಲೆಕ್ಕ, ಅರ್ಧ ಮುಗಿದ ಮಾತ್ರೆಯ ಪಟ್ಟಿಗಳು. ತಾತನ ಹತ್ತು ವರ್ಷದ ಆರೋಗ್ಯವೆಲ್ಲ ಆ ಕವರಿನಲ್ಲಿದೆ.

ಕ್ಯಾಸಂಬಳ್ಳಿ ಹೋಬಳಿಯ ಒಂದು ಹಳ್ಳಿಯಲ್ಲಿ ಎಪ್ಪತ್ತು ದಾಟಿದ ರೈತನೊಬ್ಬನನ್ನು ಜಮೀನಿನ ಗಲಾಟೆಯ ಪ್ರಕರಣದಲ್ಲಿ ಬಂಧಿಸಿದರು ಎಂದುಕೊಳ್ಳಿ. ಮಗ ವಕೀಲರನ್ನು ಹುಡುಕಿಕೊಂಡು ಕೆಜಿಎಫ್‌ ಕೋರ್ಟಿಗೆ ಓಡುತ್ತಾನೆ, ಸೊಸೆ ಊಟದ ಡಬ್ಬಿ ಹಿಡಿದು ಠಾಣೆಗೆ ಹೋಗುತ್ತಾಳೆ. ಕವರ್ ಮಾತ್ರ ಮೊಳೆಯಲ್ಲೇ ಉಳಿಯುತ್ತದೆ. ಮಾರನೆಯ ದಿನ ತಾತ ನ್ಯಾಯಾಂಗ ಬಂಧನಕ್ಕೆ ಹೋದಾಗ ಜೈಲಿನ ವೈದ್ಯರ ಮುಂದೆ ನಿಲ್ಲುವುದು ಚರಿತ್ರೆಯೇ ಇಲ್ಲದ ಒಬ್ಬ ರೋಗಿ. ಬಿಪಿ ಮಾತ್ರೆಯ ಹೆಸರು ಅವನಿಗೆ ಗೊತ್ತಿಲ್ಲ. 'ಬಿಳೀದು, ಚಿಕ್ಕದು, ರಾತ್ರಿ ತಗೊಳ್ಳೋದು' ಎನ್ನುತ್ತಾನೆ.

ಬಂಧಿತರಾದ ವೃದ್ಧರ ಚಿಕಿತ್ಸೆಯ ಬಗ್ಗೆ ನಾನು ಮೊದಲು ಹೇಳುವ ಮಾತು ಇದೇ: ಆ ಕವರನ್ನು ಇಳಿಸಿ. ಒಳಗಿರುವ ಪ್ರತಿ ಕಾಗದಕ್ಕೂ ಮೂರು ಜೆರಾಕ್ಸ್ ಮಾಡಿಸಿ. ಒಂದು ವಕೀಲರಿಗೆ, ಒಂದು ಜೈಲಿನ ಅಧೀಕ್ಷಕರ ಮೂಲಕ ವೈದ್ಯಾಧಿಕಾರಿಗೆ, ಒಂದು ನಿಮ್ಮ ಹತ್ತಿರ. ಕೊಟ್ಟದ್ದಕ್ಕೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಬಾಯಲ್ಲಿ ಹೇಳಿದ ಕಾಯಿಲೆಗೆ ಜೈಲಿನಲ್ಲೂ ಕೋರ್ಟಿನಲ್ಲೂ ತೂಕ ಕಡಿಮೆ. ಕಾಗದದ ಮೇಲಿರುವ ಕಾಯಿಲೆಗೆ ಯಾರಾದರೂ ಉತ್ತರ ಕೊಡಲೇಬೇಕಾಗುತ್ತದೆ.

ದೇಶದ ಜೈಲುಗಳ ಲೆಕ್ಕ ಇಡುವ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2022ರ ಕೊನೆಗೆ 5,73,220 ಬಂದಿಗಳಿದ್ದಾರೆಂದು ಬರೆದಿದೆ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ತಪ್ಪಿತಸ್ಥರೆಂದು ಇನ್ನೂ ತೀರ್ಮಾನವಾಗದವರು. ವಯಸ್ಸಿನ ಕೋಷ್ಟಕದಲ್ಲಿ ಕೊನೆಯ ಕಲಂ '50 ಮತ್ತು ಮೇಲ್ಪಟ್ಟು'. 51ರ ಗಟ್ಟಿಮುಟ್ಟಾದ ಮನುಷ್ಯನೂ ಹಾಸಿಗೆಯಿಂದ ಏಳಲಾಗದ 82ರ ಮುದುಕನೂ ಅಲ್ಲಿ ಒಂದೇ ಅಂಕಿ. ಲೆಕ್ಕಕ್ಕೇ ಸಿಗದ ಮುಪ್ಪಿನ ಬಗ್ಗೆ ಯೋಜನೆ ಮಾಡುವುದು ಕಷ್ಟ. ಹಾಗಾಗಿ ಮನೆಯವರ ಕೆಲಸ ಇನ್ನೂ ಹೆಚ್ಚು.

ನಮ್ಮ ಕಡೆಯ ದೇಹಗಳು

ಜೈಲಿನ ವೈದ್ಯರಿಗೆ ಕೊಡುವ ಅರ್ಜಿಯಲ್ಲಿ ವಯಸ್ಸು ಮತ್ತು ಮಾತ್ರೆಗಳ ಪಟ್ಟಿಯ ಜೊತೆಗೆ ಆತ ಯಾವ ಕೆಲಸ ಮಾಡಿದವನು ಎಂಬುದನ್ನು ತಪ್ಪದೆ ಬರೆಯಿರಿ. ಕೆಜಿಎಫ್‌ನ ಚಿನ್ನದ ಗಣಿ (ಬಿಜಿಎಂಎಲ್) ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಆಗ 45 ವರ್ಷದವನಾಗಿದ್ದ ಕಾರ್ಮಿಕನಿಗೆ ಈಗ 70ರ ಆಸುಪಾಸು. ಕಲ್ಲು ಕೊರೆಯುವಾಗ ಎದ್ದ ಸಿಲಿಕಾ ದೂಳು ಶ್ವಾಸಕೋಶದಲ್ಲಿ ಕೂತರೆ ಗಣಿ ಬಿಟ್ಟು ಇಪ್ಪತ್ತು ವರ್ಷವಾದ ಮೇಲೂ ರೋಗ ಮುಂದುವರಿಯುತ್ತಲೇ ಇರುತ್ತದೆ. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಅಂಟುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು. ಕಿಕ್ಕಿರಿದ ಬ್ಯಾರಕ್ ಕ್ಷಯಕ್ಕೆ ಹೇಳಿಮಾಡಿಸಿದ ಜಾಗ. ಗಣಿಯಲ್ಲಿ ದುಡಿದವನ ಕೆಮ್ಮನ್ನು ಮುಪ್ಪಿನ ಕೆಮ್ಮೆಂದು ತಳ್ಳಿಹಾಕುವಂತಿಲ್ಲ. 'ಬಿಜಿಎಂಎಲ್‌ನಲ್ಲಿ ಭೂಗತ ಕೆಲಸ, ಇಷ್ಟು ವರ್ಷ' ಎಂಬ ಒಂದು ಸಾಲು ಎದೆಯ ಎಕ್ಸ್‌ರೇ ಮತ್ತು ಕಫ ಪರೀಕ್ಷೆಗೆ ದಾರಿ ಮಾಡುತ್ತದೆ.

ಎರಡನೆಯದು ನೀರು. ಕೋಲಾರ ಜಿಲ್ಲೆಯ ಕೊಳವೆಬಾವಿಗಳ ಫ್ಲೋರೈಡ್ ನಮ್ಮ ಎಷ್ಟೋ ಹಿರಿಯರ ಮಂಡಿ, ಸೊಂಟ, ಕತ್ತನ್ನು ಬಿಗಿ ಮಾಡಿಟ್ಟಿದೆ. ನೆಲದ ಮೇಲೆ ಮಲಗಿ ಏಳಲಾಗದವನಿಗೆ, ಕುಕ್ಕರಗಾಲಲ್ಲಿ ಕೂರಲಾಗದವನಿಗೆ ಜೈಲಿನ ಶೌಚಾಲಯವೇ ದಿನನಿತ್ಯದ ಶಿಕ್ಷೆ. ಕಮೋಡ್ ಕುರ್ಚಿ, ಊರುಗೋಲು, ಮಂಚ, ಕನ್ನಡಕ, ಹಲ್ಲಿನ ಸೆಟ್ಟು, ಕಿವಿಯ ಯಂತ್ರ — ಇವನ್ನು ಕೇಳಲು ಸಂಕೋಚ ಬೇಡ. ಬಿದ್ದು ತೊಡೆಮೂಳೆ ಮುರಿದ ಮೇಲೆ ಕೇಳಿ ಪ್ರಯೋಜನವಿಲ್ಲ.

ಮೂರನೆಯದು ಮಾತು. ಆಂಧ್ರದ ಗಡಿಗೆ ಹೊಂದಿಕೊಂಡ ಕ್ಯಾಸಂಬಳ್ಳಿ ಸುತ್ತಿನಲ್ಲಿ ಅನೇಕ ಹಿರಿಯರ ಮನೆಮಾತು ತೆಲುಗು, ಕೆಜಿಎಫ್‌ನ ಗಣಿ ಕಾಲೊನಿಗಳಲ್ಲಿ ತಮಿಳು. ತೆಲುಗಿನವರು 'ಆಯಾಸಂ' ಎಂದರೆ ಉಸಿರು ಕಟ್ಟುತ್ತಿದೆ ಎಂದರ್ಥ. ಕನ್ನಡದ ಕಿವಿಗೆ ಅದು ಬರೀ ದಣಿವು. ಎದೆಯ ತೊಂದರೆಯೊಂದು ಸುಸ್ತು ಎಂದು ದಾಖಲಾಗಿಬಿಡುವುದು ಇಷ್ಟು ಸುಲಭ. ರೋಗಿಗೆ ಯಾವ ಭಾಷೆಯಲ್ಲಿ ನೋವು ಹೇಳಿಕೊಳ್ಳಲು ಬರುತ್ತದೆ ಎಂಬುದನ್ನೂ ಅರ್ಜಿಯಲ್ಲಿ ಬರೆಯಿರಿ.

ಇದು ಉಪಕಾರ ಕೇಳುವುದಲ್ಲ

ಜೈಲಿನ ಬಾಗಿಲಲ್ಲಿ ನಿಂತಾಗ ಮನೆಯವರ ದನಿ ತಾನಾಗಿ ಕುಗ್ಗುತ್ತದೆ. ಕುಗ್ಗಬೇಕಾಗಿಲ್ಲ. ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿದ್ದ ರಾಮಮೂರ್ತಿ ಎಂಬ ಬಂದಿ 1984ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಒಂದು ಪತ್ರ ಬರೆದ. ತಿನ್ನಲಾಗದ ಊಟ, ಸಿಗದ ಕೂಲಿ, ಹಿಂಸೆ — ಇವು ಅವನ ದೂರುಗಳು. ಕೋರ್ಟು ಆ ಪತ್ರವನ್ನೇ ಅರ್ಜಿಯಾಗಿ ತೆಗೆದುಕೊಂಡಿತು. 1996ರ ಡಿಸೆಂಬರಿನಲ್ಲಿ ಬಂದ ತೀರ್ಪು ಭಾರತದ ಜೈಲುಗಳ ಒಂಬತ್ತು ಮೂಲ ಸಮಸ್ಯೆಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಆರೋಗ್ಯದ ಕಡೆಗಣನೆಯೂ ಒಂದು. ಬಂದಿಗಳ ಆರೋಗ್ಯದ ಹೊಣೆ ಸಮಾಜದ್ದು, ಅದಕ್ಕೆ ಕಾರಣ ಎರಡು ಎಂದು ತೀರ್ಪು ವಿವರಿಸುತ್ತದೆ: ಹೊರಗಿನವರಂತೆ ತನಗೆ ಬೇಕಾದ ವೈದ್ಯರ ಬಳಿ ಹೋಗುವ, ಇನ್ನೊಬ್ಬರ ಅಭಿಪ್ರಾಯ ಕೇಳುವ ಅವಕಾಶ ಬಂದಿಗಿಲ್ಲ, ಜೊತೆಗೆ ಸೆರೆವಾಸದ ಪರಿಸ್ಥಿತಿಯೇ ಅವನನ್ನು ಹೆಚ್ಚು ರೋಗಗಳಿಗೆ ಒಡ್ಡುತ್ತದೆ. ಕರ್ನಾಟಕದ ಜೈಲಿನಿಂದ ಹೊರಟ ಒಂದು ಪತ್ರ ಇಡೀ ದೇಶದ ಕಾನೂನಾಯಿತು.

ಜೈಲಿಗೆ ಸೇರಿದಾಗ ವೈದ್ಯಕೀಯ ತಪಾಸಣೆ ಆಗಿ ದಾಖಲಾಗಬೇಕು. ಬಂದಿ ವೈದ್ಯರನ್ನು ಕಾಣಬೇಕೆಂದರೆ, ಅಥವಾ ಕಾಯಿಲೆಯವನಂತೆ ಕಂಡರೆ, ಸಿಬ್ಬಂದಿ ತಡಮಾಡದೆ ಅದನ್ನು ಮೇಲಕ್ಕೆ ತಿಳಿಸಬೇಕು. ಇವೆಲ್ಲ 1894ರ ಬಂದಿಖಾನೆ ಕಾಯ್ದೆಯ ಕಾಲದಿಂದ ಇರುವ ಕಟ್ಟುಪಾಡುಗಳು. ನಮ್ಮ ರಾಜ್ಯಕ್ಕೆ 1963ರ ಕಾಯ್ದೆ, 1974ರ ನಿಯಮಗಳು ಮತ್ತು 2021ರ ಕೈಪಿಡಿ ಇವೆ. ಹೊರಗಿನ ಸಮಾಜದಲ್ಲಿ ಸಿಗುವ ಮಟ್ಟದ ಚಿಕಿತ್ಸೆಯೇ ಒಳಗೂ ಸಿಗಬೇಕೆಂದು ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಮಂಡೇಲಾ ನಿಯಮಗಳು ಹೇಳುತ್ತವೆ.

ಸಣ್ಣ ವಸ್ತುವೂ ಎಷ್ಟು ದೊಡ್ಡದು ಎಂಬುದಕ್ಕೆ ಸ್ಟ್ಯಾನ್ ಸ್ವಾಮಿಯವರ ಪ್ರಕರಣ ನೆನಪಿರಲಿ. ಒಂದು ಕಾಲದಲ್ಲಿ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದ ಈ ಜೆಸ್ಯೂಟ್ ಪಾದ್ರಿಯನ್ನು 2020ರ ಅಕ್ಟೋಬರಿನಲ್ಲಿ ಬಂಧಿಸಿದಾಗ ಅವರಿಗೆ 83 ವರ್ಷ. ಪಾರ್ಕಿನ್‌ಸನ್ ಕಾಯಿಲೆಯಿಂದ ಕೈ ನಡುಗಿ ಲೋಟ ಹಿಡಿಯಲಾಗುತ್ತಿರಲಿಲ್ಲ. ನೀರು ಕುಡಿಯಲು ಸ್ಟ್ರಾ ಮತ್ತು ಸಿಪ್ಪರ್ ಬೇಕೆಂದು ಅವರು ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. ಜಾಮೀನಿನ ವಿಚಾರಣೆ ಬಾಕಿ ಇರುವಾಗಲೇ, 2021ರ ಜುಲೈ 5ರಂದು, ಮುಂಬೈನ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಮೇಲಿನ ಆರೋಪದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ನೀರು ಕುಡಿಯುವ ಕೊಳವೆಗೆ ಕೋರ್ಟಿನ ಮೆಟ್ಟಿಲು ಹತ್ತಬೇಕಾದದ್ದು ತಪ್ಪು.

ದೊಡ್ಡ ಆಸ್ಪತ್ರೆಗೆ ಕರೆದೊಯ್ಯುವಾಗ

ಶಿಕ್ಷೆಯಾದವರಲ್ಲಿ ಅನೇಕರು ಕೊನೆಗೆ ಬೆಂಗಳೂರಿನ ಪರಪ್ಪನ ಅಗ್ರಹಾರ ಸೇರುತ್ತಾರೆ. ಬಂಗಾರಪೇಟೆಯಲ್ಲಿ ರೈಲು ಹತ್ತಿ, ಕೆ.ಆರ್. ಪುರದಲ್ಲಿಳಿದು, ಬಸ್ಸು ಬದಲಾಯಿಸಿ ಹೊಸೂರು ರಸ್ತೆಯ ಕಡೆ ಹೋಗುವಷ್ಟರಲ್ಲಿ ಮನೆಯ ಹೆಂಗಸಿಗೆ ಅರ್ಧ ದಿನ ಮತ್ತು ಒಂದು ದಿನದ ಕೂಲಿ ಹೋಗಿರುತ್ತದೆ. ವಿಡಿಯೊ ಮೂಲಕ ಮಾತಾಡುವ ಇ-ಮುಲಾಖಾತ್ ಸೌಲಭ್ಯ ಇದೆ. ಊರಿನ ಓದಿದ ಹುಡುಗರಿಂದ ನೋಂದಣಿ ಮಾಡಿಸಿಕೊಳ್ಳಿ. ಆದರೂ ಆಗಾಗ ಖುದ್ದಾಗಿ ಹೋಗಿ ನೋಡಿ. ಪಾದ ಊದಿರುವುದು, ಅಂಗಿ ಸಡಿಲವಾಗಿರುವುದು ಪರದೆಯ ಮೇಲೆ ಕಾಣುವುದಿಲ್ಲ.

ಜೈಲಿನ ವೈದ್ಯರು ತಜ್ಞರ ಬಳಿ ಕಳಿಸಲು ಬರೆದ ಮೇಲೂ ಬೆಂಗಾವಲು ಪೊಲೀಸರು ಸಿಗದೆ ದಿನಾಂಕ ತಪ್ಪುವುದುಂಟು. ಒಮ್ಮೆ ತಪ್ಪಿದರೆ ಅದನ್ನು ದಿನಾಂಕ ಸಮೇತ ಬರೆದಿಡಿ. ಎರಡನೆಯ ಸಲವೂ ತಪ್ಪಿದರೆ ಪ್ರಕರಣ ನಡೆಯುತ್ತಿರುವ ಕೋರ್ಟಿಗೆ ವಕೀಲರ ಮೂಲಕ ಒಂದು ಮೆಮೊ ಹಾಕಿಸಿ, ನಿರ್ದಿಷ್ಟ ದಿನ ನಿರ್ದಿಷ್ಟ ಆಸ್ಪತ್ರೆಗೆ ಕರೆದೊಯ್ಯುವಂತೆ ಆದೇಶ ಕೇಳಿ. ಆಸ್ಪತ್ರೆಯ ಮಂಚಕ್ಕೆ ಬೇಡಿಯಿಂದ ಕಟ್ಟಿದ್ದರೆ ತಕ್ಷಣ ವಕೀಲರಿಗೆ ತಿಳಿಸಿ. ಅಸ್ಸಾಮಿನಲ್ಲಿ ಆಸ್ಪತ್ರೆಗೆ ಸೇರಿಸಿದ್ದ ಬಂದಿಗಳನ್ನು ಹೀಗೆ ಕಟ್ಟಿಹಾಕಿದ್ದನ್ನು ಸುಪ್ರೀಂ ಕೋರ್ಟು 1995ರಲ್ಲೇ ಖಂಡಿಸಿದೆ.

ವೈದ್ಯಕೀಯ ದಾಖಲೆ ಕೊಡಲು ಹಿಂದೆಮುಂದೆ ನೋಡಿದರೆ ಮಾಹಿತಿ ಹಕ್ಕು ಕಾಯ್ದೆ ನೆನಪಿಸಿಕೊಳ್ಳಿ. ಸಾಮಾನ್ಯ ಅರ್ಜಿಗೆ 30 ದಿನ ಗಡುವಾದರೆ, ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು 48 ಗಂಟೆಯೊಳಗೆ ಕೊಡಬೇಕು. ಬಂದಿಯೇ ಸಹಿ ಮಾಡಿದ ಒಪ್ಪಿಗೆ ಪತ್ರ ಜೊತೆಗಿಡಿ. ಅರ್ಜಿಯ ತಲೆಯಲ್ಲೇ 'ಜೀವಕ್ಕೆ ಸಂಬಂಧಿಸಿದ ಮಾಹಿತಿ, 48 ಗಂಟೆ' ಎಂದು ದಪ್ಪಗೆ ಬರೆಯಿರಿ.

ಮನೆಗೆ ಬರುವ ದಾರಿಗಳು

ವಿಚಾರಣೆ ಮುಗಿಯದವರಿಗೆ ಮುಖ್ಯ ದಾರಿ ಜಾಮೀನು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 480ನೇ ಕಲಂ, ಜಾಮೀನು ಕೊಡಲಾಗದ ಗಂಭೀರ ಅಪರಾಧಗಳಲ್ಲೂ ಆರೋಪಿ ಕಾಯಿಲೆಯವನೋ ಅಶಕ್ತನೋ ಆಗಿದ್ದರೆ ನ್ಯಾಯಾಲಯ ಜಾಮೀನು ಕೊಡಬಹುದು ಎನ್ನುತ್ತದೆ. ಸೆಷನ್ಸ್ ಕೋರ್ಟು ಮತ್ತು ಹೈಕೋರ್ಟಿಗೆ 483ನೇ ಕಲಂನಡಿ ಅಧಿಕಾರವಿದೆ. ಬಳ್ಳಾರಿ ಜೈಲಿನಲ್ಲಿದ್ದ ನಟ ದರ್ಶನ್ ಅವರಿಗೆ 2024ರ ಅಕ್ಟೋಬರ್ 30ರಂದು ಹೈಕೋರ್ಟು ಬೆನ್ನಿನ ಚಿಕಿತ್ಸೆಗಾಗಿ ಆರು ವಾರಗಳ ಮಧ್ಯಂತರ ಜಾಮೀನು ಕೊಟ್ಟದ್ದನ್ನು ನಾಡೆಲ್ಲ ಕೇಳಿದೆ. ಅದೇ ಕಾನೂನು ಕ್ಯಾಸಂಬಳ್ಳಿಯ ರೈತನಿಗೂ ಇದೆ. ಕವಿ ವರವರ ರಾವ್ ಅವರಿಗೆ ಬಾಂಬೆ ಹೈಕೋರ್ಟು 2021ರ ಫೆಬ್ರವರಿಯಲ್ಲಿ ಆರು ತಿಂಗಳ ವೈದ್ಯಕೀಯ ಜಾಮೀನು ಕೊಟ್ಟಿತು. 2022ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಅದರ ಅವಧಿಯ ಮಿತಿಯನ್ನೇ ತೆಗೆಯಿತು. ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯಂಥ ಕಠಿಣ ಕಾನೂನಿನಡಿಯಲ್ಲೂ ಇದು ಸಾಧ್ಯವಾಯಿತು.

ಇಂಥ ಅರ್ಜಿಯಲ್ಲಿ ಎಲ್ಲವೂ ನಿಲ್ಲುವುದು ಒಂದೇ ಪ್ರಶ್ನೆಯ ಮೇಲೆ: ಈ ಚಿಕಿತ್ಸೆ ಜೈಲಿನ ಆಸ್ಪತ್ರೆಯಲ್ಲಿ, ಅಥವಾ ಅಲ್ಲಿಂದ ಹೋಗಿಬಂದು ಪಡೆಯಲು ಆಗುವುದಿಲ್ಲವೇ? 'ವಯಸ್ಸಾಗಿದೆ, ಸಕ್ಕರೆ ಕಾಯಿಲೆ ಇದೆ' ಎಂದಷ್ಟೇ ಬರೆದ ಅರ್ಜಿ ಸಾಮಾನ್ಯವಾಗಿ ಬಿದ್ದುಹೋಗುತ್ತದೆ. ವಾರಕ್ಕೆ ಎಷ್ಟು ಡಯಾಲಿಸಿಸ್ ಬೇಕು, ಶಸ್ತ್ರಚಿಕಿತ್ಸೆ ಯಾವ ದಿನ, ಆಮೇಲೆ ಎಷ್ಟು ವಾರ ಯಾರು ಎತ್ತಿ ಕೂರಿಸಬೇಕು, ಸ್ವಂತವಾಗಿ ಸ್ನಾನ ಶೌಚ ಮಾಡಿಕೊಳ್ಳಬಲ್ಲನೇ — ಇದನ್ನೆಲ್ಲ ತಜ್ಞರಿಂದ ಬರೆಸಿ ತನ್ನಿ. ಮನೆಯಲ್ಲಿ ನೋಡಿಕೊಳ್ಳುವವರು ಯಾರು, ಆಸ್ಪತ್ರೆ ಎಷ್ಟು ದೂರ ಎಂಬ ಪ್ರಮಾಣಪತ್ರ ಸೇರಿಸಿ. ಜೈಲಿನ ವೈದ್ಯಾಧಿಕಾರಿಯ ವರದಿಯನ್ನು ತರಿಸಿಕೊಳ್ಳುವಂತೆ ಕೋರ್ಟನ್ನೇ ಕೇಳಿ. ಆ ವರದಿ ಪೂರ್ಣವಾಗಿರಬೇಕಾದರೆ ಮೊದಲು ಹೇಳಿದ ಕವರ್ ಒಳಗೆ ಹೋಗಿರಬೇಕು.

ಜಾಮೀನು ಸಿಕ್ಕ ಮೇಲೂ ಶ್ಯೂರಿಟಿ ಇಲ್ಲದೆ ಒಳಗೇ ಉಳಿಯುವವರಿದ್ದಾರೆ. ಪಹಣಿ ಇರುವ ನೆಂಟರು ಮುಖ ತಿರುಗಿಸುತ್ತಾರೆ. ಅಂಥವರಿಗೆ 2023ರಲ್ಲಿ ಕೇಂದ್ರ ಸರ್ಕಾರ ತಂದ ಬಡ ಬಂದಿಗಳ ನೆರವು ಯೋಜನೆಯಿದೆ: ಆರಂಭದಲ್ಲಿ ವಿಚಾರಣಾಧೀನರ ಜಾಮೀನಿಗೆ 40,000 ರೂಪಾಯಿವರೆಗೆ, ಶಿಕ್ಷೆಯಾದವರ ದಂಡಕ್ಕೆ 25,000ದವರೆಗೆ ಎಂದು ನಿಗದಿಯಾಗಿತ್ತು. ಇನ್ನು ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ. ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ, ಉಳಿದವರು ಅರ್ಧ ಭಾಗ ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಜಿ ಹಾಕುವುದು ಜೈಲು ಅಧೀಕ್ಷಕರದೇ ಕರ್ತವ್ಯ. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಇದು ಅನ್ವಯಿಸದು. ಬೇರೆ ಪ್ರಕರಣಗಳು ಬಾಕಿಯಿದ್ದರೂ ಸಿಗದು.

ಶಿಕ್ಷೆಯಾಗಿ ಮೇಲ್ಮನವಿ ಬಾಕಿಯಿದ್ದರೆ 430ನೇ ಕಲಂನಡಿ ಶಿಕ್ಷೆ ಅಮಾನತು ಕೇಳಬಹುದು. ಮೇಲ್ಮನವಿಯೂ ಮುಗಿದಿದ್ದರೆ ಪೆರೋಲ್, 473ನೇ ಕಲಂನ ಶಿಕ್ಷಾ ಕಡಿತ, ಕೊನೆಗೆ ಸಂವಿಧಾನದ 161ನೇ ವಿಧಿಯಡಿ ರಾಜ್ಯಪಾಲರ ಕ್ಷಮಾಧಿಕಾರ. ಕೊಲೆಯಂಥ ಅಪರಾಧದ ಜೀವಾವಧಿ ಬಂದಿಗೆ 475ನೇ ಕಲಂ 14 ವರ್ಷದ ತಡೆ ಹಾಕುತ್ತದೆ, ಆದರೆ ರಾಜ್ಯಪಾಲರ ಅಧಿಕಾರಕ್ಕೆ ಆ ತಡೆ ಇಲ್ಲ. ಅವಧಿಪೂರ್ವ ಬಿಡುಗಡೆಯ ನೀತಿ ಇರುವ ರಾಜ್ಯಗಳು, ಬಂದಿ ಅರ್ಜಿ ಹಾಕದಿದ್ದರೂ, ಅರ್ಹರಾದಾಗ ತಾವಾಗಿಯೇ ಪರಿಶೀಲಿಸಬೇಕೆಂದು ಸುಪ್ರೀಂ ಕೋರ್ಟು 2025ರ ಫೆಬ್ರವರಿ 18ರಂದು ಹೇಳಿದೆ. ಹಾಗೆಂದು ಕಾದು ಕೂರಬೇಡಿ, ಅರ್ಜಿ ಹಾಕಿ.

ಮರೆವಿನ ಕಾಯಿಲೆ ಬೇರೆಯೇ ದಾರಿ ಕೇಳುತ್ತದೆ. ತಾನು ಎಲ್ಲಿದ್ದೇನೆ, ಏಕಿದ್ದೇನೆ ಎಂದು ತಿಳಿಯದ ಆರೋಪಿಯ ವಿಚಾರಣೆ ಹೇಗೆ ನಡೆಯಬೇಕೆಂಬುದಕ್ಕೆ 367ನೇ ಕಲಂನಿಂದ ಮುಂದೆ ಪ್ರತ್ಯೇಕ ಅಧ್ಯಾಯವಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ವ್ಯಾಖ್ಯಾನದಲ್ಲಿ ನೆನಪಿನ ಗಂಭೀರ ತೊಂದರೆಯೂ ಸೇರಿದೆ; ಅದರ 103ನೇ ಕಲಂ ಬಂದಿಯನ್ನು ಮಾನಸಿಕ ಆರೋಗ್ಯ ಕೇಂದ್ರಕ್ಕೆ ಕಳಿಸಲು ಅವಕಾಶ ಕೊಡುತ್ತದೆ. ಮನೆಯವರನ್ನು ಗುರುತಿಸದಿದ್ದರೆ, ಹೊತ್ತುಗೊತ್ತು ತಪ್ಪಿದ್ದರೆ 'ವಯಸ್ಸಾಯಿತಲ್ಲ' ಎಂದು ಸುಮ್ಮನಾಗದೆ ನಿಮ್ಹಾನ್ಸ್‌ನಂಥ ಕಡೆ ಪರೀಕ್ಷೆಗೆ ಕೋರಿ.

ಕೊನೆಯ ದಿನಗಳು

ಇನ್ನು ಗುಣವಾಗದು ಎಂದು ವೈದ್ಯರು ಹೇಳಿದ ಮೇಲೆ ಮಾಡಲು ಏನೂ ಉಳಿದಿಲ್ಲ ಎಂದುಕೊಳ್ಳುವುದು ದೊಡ್ಡ ತಪ್ಪು. ನೋವು ತಗ್ಗಿಸುವುದು, ಉಸಿರಾಟ ಸುಗಮ ಮಾಡುವುದು, ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಬಾಯಿ ಒದ್ದೆ ಇಡುವುದು, ಕೈ ಹಿಡಿದು ಕೂರುವುದು — ಇದು ಉಪಶಮನ ಆರೈಕೆ, ಇದೂ ಚಿಕಿತ್ಸೆಯೇ. ಕ್ಯಾನ್ಸರಿನ ಕಡುನೋವಿಗೆ ಮಾರ್ಫಿನ್ ಬೇಕಾಗುತ್ತದೆ. ಮಾದಕ ವಸ್ತು ಕಾಯ್ದೆಗೆ 2014ರಲ್ಲಿ ಆದ ತಿದ್ದುಪಡಿ, ಮಾನ್ಯತೆ ಪಡೆದ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವುದನ್ನು ಸುಲಭ ಮಾಡಿದೆ. ಹಾಗಾಗಿ ಕೊನೆಯ ಹಂತದ ನೋವಿನಲ್ಲಿರುವ ಬಂದಿಯನ್ನು ಬ್ಯಾರಕ್ಕಿನಲ್ಲಿ ಪ್ಯಾರಾಸಿಟಮಾಲ್ ಮೇಲೆ ಇಡದೆ ಕಿದ್ವಾಯಿಯಂಥ ಆಸ್ಪತ್ರೆಯ ನೋವು ನಿವಾರಣಾ ವಿಭಾಗಕ್ಕೆ ಕಳಿಸಿ ಎಂದು ಬರವಣಿಗೆಯಲ್ಲಿ ಕೇಳಿ. ಬಿಡುಗಡೆಯಾಗಿ ಮನೆಯಲ್ಲಿ ನೋಡಿಕೊಳ್ಳಲಾಗದ ಕ್ಯಾನ್ಸರ್ ರೋಗಿಗಳಿಗೆ ಬೆಂಗಳೂರಿನ ಮಾರತಹಳ್ಳಿ ಬಳಿಯ ಕರುಣಾಶ್ರಯ ಇದೆ. ಅಲ್ಲಿ ಹಣ ಪಡೆಯುವುದಿಲ್ಲ.

ಅಮೆರಿಕದ ಲೂಯಿಸಿಯಾನಾದ ಅಂಗೋಲಾ ಜೈಲಿನಲ್ಲಿ 1990ರ ದಶಕದ ಕೊನೆಯಿಂದ ಒಂದು ಏರ್ಪಾಡಿದೆ. ಸಾಯುತ್ತಿರುವ ಬಂದಿಗಳ ಶುಶ್ರೂಷೆಯನ್ನು ತರಬೇತಿ ಪಡೆದ ಸಹಬಂದಿಗಳೇ ಮಾಡುತ್ತಾರೆ. ಕೊನೆಯ ಗಳಿಗೆಗಳಲ್ಲಿ ಪಾಳಿಯ ಮೇಲೆ ಪಕ್ಕದಲ್ಲಿ ಕೂರುತ್ತಾರೆ. ನಮ್ಮ ಜೈಲುಗಳಲ್ಲೂ ಮುದುಕರ ತಟ್ಟೆ ತೊಳೆಯುವವರು, ಶೌಚಕ್ಕೆ ಕೈ ಹಿಡಿದು ಕರೆದೊಯ್ಯುವವರು ಪಕ್ಕದ ಚಾಪೆಯ ಹುಡುಗರೇ. ಅವರಿಗೆ ತರಬೇತಿ ಕೊಟ್ಟು, ಅದನ್ನು ಕೂಲಿ ಸಿಗುವ ಕೆಲಸವೆಂದು ಎಣಿಸಬೇಕು. ಇದಕ್ಕೆ ಹೊಸ ಕಟ್ಟಡವೂ ಬೇಡ, ಹೆಚ್ಚು ಹಣವೂ ಬೇಡ.

ವೆಂಟಿಲೇಟರ್ ಮೇಲೆ ಜೀವ ಎಳೆಯುವುದು ಬೇಡ ಎಂದು ಹಿರಿಯರಿಗೆ ಅನಿಸಿದ್ದರೆ, ಬುದ್ಧಿ ಸ್ಥಿಮಿತದಲ್ಲಿರುವಾಗಲೇ ಅದನ್ನು ಬರೆದಿಡಬಹುದು. ಘನತೆಯ ಸಾವಿನ ಹಕ್ಕನ್ನು ಸುಪ್ರೀಂ ಕೋರ್ಟು 2018ರ ಮಾರ್ಚ್ 9ರಂದು ಎತ್ತಿಹಿಡಿಯಿತು, 2023ರ ಜನವರಿಯಲ್ಲಿ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಅದನ್ನು ಜಾರಿಗೊಳಿಸುವ ಸುತ್ತೋಲೆ ಹೊರಡಿಸಿತು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ, ತನ್ನ ಪರವಾಗಿ ನಿರ್ಧರಿಸುವ ಆಪ್ತರ ಹೆಸರು ಬೇಕು. ಆಮೇಲೂ ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. ಬಂದಿಯ ವಿಷಯದಲ್ಲಿ ನಾನು ಒಂದು ಎಚ್ಚರಿಕೆ ಸೇರಿಸುತ್ತೇನೆ: ಆ ಕಾಗದಕ್ಕೆ ಸಹಿ ಹಾಕುವ ಮುನ್ನ ಮನೆಯವರೂ ವಕೀಲರೂ ಅವನೊಂದಿಗೆ ಖಾಸಗಿಯಾಗಿ ಮಾತಾಡಿರಬೇಕು. ಸೆರೆಯ ಬೇಸರದಲ್ಲಿ ಬದುಕು ಸಾಕೆನ್ನುವುದು ಬೇರೆ, ಯಂತ್ರದ ಮೇಲಿನ ಬದುಕು ಬೇಡವೆನ್ನುವುದು ಬೇರೆ.

ಸಾವು ಬಂಧನದಲ್ಲೇ ಆದರೆ, ಅದು ಕಾಯಿಲೆಯಿಂದ ಆದದ್ದಾದರೂ, ನಾಗರಿಕ ಸುರಕ್ಷಾ ಸಂಹಿತೆಯ 196ನೇ ಕಲಂನಡಿ ಮ್ಯಾಜಿಸ್ಟ್ರೇಟರ ವಿಚಾರಣೆ ನಡೆಯಲೇಬೇಕು. ಸಾಧ್ಯವಿರುವಲ್ಲೆಲ್ಲ ಬಂಧುಗಳಿಗೆ ತಿಳಿಸಿ ಹಾಜರಿರಲು ಬಿಡಬೇಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ 24 ಗಂಟೆಯೊಳಗೆ ವರದಿ ಹೋಗಬೇಕೆಂಬ ಸೂಚನೆ 1993ರಿಂದ ಇದೆ. ಮರಣೋತ್ತರ ಪರೀಕ್ಷೆಯ ವರದಿಯ ಪ್ರತಿ ಕೇಳಿ ಪಡೆಯಿರಿ. ದೇಹ ಬೇಗ ಸಿಕ್ಕರೆ ಸಾಕೆಂಬ ಆ ಹೊತ್ತಿನ ಆತುರದಲ್ಲಿ ಓದದೆ ಯಾವುದಕ್ಕೂ ಸಹಿ ಹಾಕಬೇಡಿ.

ವೃದ್ಧರು ಮತ್ತು ಗುಣವಾಗದ ಕಾಯಿಲೆಯ ಬಂದಿಗಳಿಗಾಗಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2024ರ ಡಿಸೆಂಬರ್ 10ರಂದು ವಿಶೇಷ ಅಭಿಯಾನ ಆರಂಭಿಸಿತು. 2025ರಲ್ಲಿ ಅವರ ಬಿಡುಗಡೆ ಕೋರಿ ತಾನೇ ಸುಪ್ರೀಂ ಕೋರ್ಟಿಗೆ ಹೋಯಿತು. ಅದರ ಜಿಲ್ಲಾ ಪ್ರಾಧಿಕಾರ ಕೋಲಾರದಲ್ಲಿದೆ. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಬಂಧನದಲ್ಲಿರುವ ಯಾರಿಗೇ ಆದರೂ, ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಸಹಾಯವಾಣಿಯ ಸಂಖ್ಯೆ 15100. ಕವರಿನ ಮೇಲೆ ಇದನ್ನು ಬರೆದಿಟ್ಟುಕೊಳ್ಳಿ.